ಅತ್ತೆ ನನ್ನ ಬಗ್ಗೆ ದೇವರಿಗೆ ಹೇಳಿದ್ದು

ನಾನು ಮದುವೆಯಾಗಿ ಶ್ರೀನಿವಾಸಪುರಕ್ಕೆ ಬಂದದ್ದು ಎಪ್ಪತ್ತರ ದಶಕದ ನಡುವಿನ ಒಂದು ಮೇ ತಿಂಗಳಲ್ಲಿ. ಬಸ್ಸಿನ ಮೇಲೆ ನನ್ನ ಟ್ರಂಕನ್ನು ಮಾವಿನ ಕುಕ್ಕೆಗಳ ನಡುವೆ ಸಿಕ್ಕಿಸಿದ್ದರಿಂದ ಮದುವೆಯ ಸೀರೆಗೆ ಬಹಳ ದಿನ ತೋತಾಪುರಿಯ ವಾಸನೆ ಇತ್ತು. ಹೊಸ ಊರಿನಲ್ಲಿ ಯಾರಿಗೂ ಅದು ವಿಶೇಷವೆನಿಸಲಿಲ್ಲ. ಆ ತಿಂಗಳು ಅಲ್ಲಿ ಎಲ್ಲರ ಮೈಯಲ್ಲೂ ಅದೇ ವಾಸನೆ.

ನನ್ನ ತವರು ಕೋಲಾರ. ತಂದೆ ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿದ್ದರು. ಅವರು ರೋಗಿಗಳಿಗೆ ಮಾತ್ರೆ ಕೊಡುವಾಗ ಹೇಗೆ ಮಾತನಾಡುತ್ತಿದ್ದರೋ ದೇವರ ಹತ್ತಿರವೂ ಹಾಗೆಯೇ ಮಾತನಾಡುತ್ತಿದ್ದರು. ಇದು ಬೆಳಗ್ಗೆಗೆ, ಇದು ರಾತ್ರಿಗೆ, ಆಮೆನ್. ನಮ್ಮ ಮನೆಯ ಕುಟುಂಬ ಪ್ರಾರ್ಥನೆ ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಮುಗಿಯುತ್ತಿತ್ತು. ಎಲ್ಲ ಕ್ರೈಸ್ತರ ಮನೆಗಳಲ್ಲೂ ಹೀಗೆಯೇ ಇರುತ್ತದೆಂದು ನಾನು ನಂಬಿದ್ದೆ.

ಗಂಡನ ಮನೆಯಲ್ಲಿ ನಾವು ಮೂವರೇ. ನನ್ನ ಯಜಮಾನರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಅತ್ತೆ ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಕಡೆಯವರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮುಳಬಾಗಿಲಿನ ಹುಡುಗಿಯರ ಬೋರ್ಡಿಂಗ್ ಒಂದರಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿ ಒಬ್ಬನೇ ಮಗನನ್ನು ಓದಿಸಿದವರು. ದಿನಾ ಅರವತ್ತು ಹುಡುಗಿಯರಿಗೆ ಮುದ್ದೆ ತಿರುವಿದ ಕೈ ಅದು. ಆ ಕೈಯಿಂದ ಮುದ್ದೆ ತಿರುವುವ ಕೋಲು ನನ್ನ ಕೈಗೆ ಬಂತು.

ಬಂದ ಎರಡನೆಯ ದಿನ ಸಂಜೆ ಏಳು ಗಂಟೆಗೆ ಚಾಪೆ ಹಾಸಿ ಮೂವರೂ ಮೊಣಕಾಲೂರಿದೆವು. ಅತ್ತೆ ಕಣ್ಣು ಮುಚ್ಚಿ ಶುರು ಮಾಡಿದರು. ಮೊದಲು ಲೋಕದ ಎಲ್ಲ ದೇಶಗಳಿಗಾಗಿ ಬೇಡಿದರು. ಆಮೇಲೆ ನಮ್ಮ ದೇಶ, ನಮ್ಮ ರಾಜ್ಯ, ನಮ್ಮ ಜಿಲ್ಲೆ, ಕೈ ತೋರಿಸಿದರೂ ನಿಲ್ಲಿಸದೆ ಹೋದ ಬೆಳಗಿನ ಬಸ್ಸಿನ ಡ್ರೈವರು. ಹೀಗೆ ಹತ್ತಿರ ಹತ್ತಿರ ಬಂದು ಕೊನೆಗೆ ನಮ್ಮ ಮನೆಯ ಬಾಗಿಲು ದಾಟಿ ಒಳಗೆ ಬಂದರು.

"ಕರ್ತನೇ, ಕೋಲಾರದಿಂದ ಈ ಮಗೂನ ನಮ್ಮನೆಗೆ ಕಳ್ಸಿದ್ದೀಯ, ಸ್ತೋತ್ರ. ಒಳ್ಳೇ ಹುಡುಗಿ. ಓದಿದ್ದಾಳೆ. ಮುದ್ದೆಯಲ್ಲಿ ಮಾತ್ರ ಗಂಟು ಬರ್ತಾ ಇದೆ, ತಂದೇ. ಮಧ್ಯಾಹ್ನ ನನ್ನ ಒಂದು ಮುದ್ದೇಲೇ ಆರು ಗಂಟು ಸಿಕ್ತು. ನೀನು ನೋಡೇ ಇರ್ತೀಯ. ಅವಳಿಗೆ ಜ್ಞಾನ ಕೊಡಪ್ಪಾ. ಹಿಟ್ಟು ಹಾಕಿದ ಮೇಲೆ ಸ್ವಲ್ಪ ಹೊತ್ತು ಬೇಯೋಕೆ ಬಿಡೋ ತಾಳ್ಮೆ ಕೊಡಪ್ಪಾ."

ನಾನು ಕಣ್ಣು ತೆರೆದೆ. ಅತ್ತೆಯ ಮುಖದಲ್ಲಿ ಕೋಪವಿರಲಿಲ್ಲ, ವ್ಯಂಗ್ಯವಿರಲಿಲ್ಲ. ಬರೀ ಭಕ್ತಿ ಇತ್ತು. ಯಜಮಾನರು, "ಆಮೆನ್" ಎಂದರು.

ಆಮೇಲೆ ಹಿತ್ತಿಲಲ್ಲಿ ಅವರನ್ನು ಹಿಡಿದು ಕೇಳಿದೆ.

"ರೀ, ನೀವ್ಯಾಕೆ ಆಮೆನ್ ಅಂದ್ರಿ?"

"ಪ್ರಾರ್ಥನೆ ಮುಗೀತಲ್ಲ."

"ಅಂದ್ರೆ ಗಂಟು ಇತ್ತು ಅಂತ ನೀವೂ ಒಪ್ಪಿದ ಹಾಗಾಯ್ತಲ್ಲ?"

ಅವರು ಲೆಕ್ಕದ ಮೇಷ್ಟ್ರು. ಸ್ವಲ್ಪ ಹೊತ್ತು ಯೋಚಿಸಿ, "ನನ್ನದ್ರಲ್ಲಿ ನಾಲ್ಕೇ ಇತ್ತು" ಎಂದರು.

ಅತ್ತೆ ನನ್ನೆದುರಿಗೆ ಒಂದು ದಿನವೂ ಒಂದು ಗಟ್ಟಿ ಮಾತು ಆಡಲಿಲ್ಲ. ಹಗಲೆಲ್ಲ "ಬಾಮ್ಮ", "ಕೂತ್ಕೊಳಮ್ಮ", "ಬಿಸಿಲಿಗೆ ಹೋಗ್ಬೇಡ ಕಣಮ್ಮ". ಮನುಷ್ಯರ ಮೇಲೆ ಮನುಷ್ಯರಿಗೆ ದೂರು ಹೇಳಿದರೆ ಅದು ಚಾಡಿ, ಚಾಡಿ ಪಾಪ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ದೇವರಿಗೆ ಹೇಳಿದರೆ ಅದು ಪ್ರಾರ್ಥನೆ. ಪಕ್ಕದಲ್ಲಿ ಕೂತವರ ಕಿವಿಗೂ ಅದು ಬಿದ್ದರೆ ಅದು ಪ್ರಾರ್ಥಿಸಿದವರ ತಪ್ಪಲ್ಲ. ಹೀಗಾಗಿ ಸಂಜೆ ಏಳಕ್ಕೆ ನನ್ನ ಆ ದಿನದ ಕೆಲಸವೆಲ್ಲ ಮೇಲಿನವರೆಗೆ ಹೋಗುತ್ತಿತ್ತು. ಬಸ್ಸಾರಿಗೆ ಹುಣಸೆಹಣ್ಣು ಜಾಸ್ತಿ ಆದದ್ದು. ಒಣಗಿದ ಬಟ್ಟೆ ಕತ್ತಲಾದರೂ ಹಗ್ಗದ ಮೇಲೇ ಇದ್ದದ್ದು. ಭಾನುವಾರ ಆರಾಧನೆಯಲ್ಲಿ ನಾನು ತೂಕಡಿಸಿದ್ದು. ಇದನ್ನು ಹೇಳುವಾಗ ಅವರು ನನ್ನ ಪರವಾಗಿ ವಾದವನ್ನೂ ಮಂಡಿಸಿದರು. "ಅಯ್ಯನವರ ಪ್ರಸಂಗವೂ ಉದ್ದ ಆಯ್ತು ಕರ್ತನೇ, ಅದನ್ನೂ ಲೆಕ್ಕಕ್ಕೆ ತಗೋ." ನಮ್ಮಲ್ಲಿ ಪಾದ್ರಿಗಳನ್ನು ಅಯ್ಯನವರು, ಅವರ ಉಪದೇಶವನ್ನು ಪ್ರಸಂಗ ಎನ್ನುತ್ತೇವೆ.

ಮೂರು ತಿಂಗಳು ನಾನು ಸುಮ್ಮನಿದ್ದೆ. ನಾಲ್ಕನೆಯ ತಿಂಗಳಲ್ಲಿ ಒಂದು ಸಂಜೆ ಅತ್ತೆಗೆ ಗಂಟಲು ಕಟ್ಟಿತು. "ಇವತ್ತು ನೀನೇ ಮಾಡಮ್ಮ" ಎಂದರು.

ನಾನು ಲೋಕ, ದೇಶ, ಜಿಲ್ಲೆಗಳನ್ನು ಬೇಗ ಬೇಗ ದಾಟಿದೆ.

"ತಂದೆಯೇ, ಇಂಥ ಅತ್ತೆಯವರನ್ನು ಕೊಟ್ಟಿದ್ದಕ್ಕೆ ಸ್ತೋತ್ರ. ಅವರು ಬೆಳಗ್ಗೆ ನಾಲ್ಕೂವರೆಗೇ ಎದ್ದು ನಿನ್ನನ್ನು ಧ್ಯಾನ ಮಾಡ್ತಾರೆ. ಧ್ಯಾನ ಆದಮೇಲೆ ಪಾತ್ರೆ ಜೋಡಿಸ್ತಾರೆ. ಪಾತ್ರೆಗಳನ್ನ ಮೆಲ್ಲಗೆ ಇಡೋ ಶಕ್ತಿ ಅವರ ಕೈಗೆ ಕೊಡು. ನಾನು ಉಪ್ಪು ಹಾಕಿದ ಮೇಲೆ ಅವರೂ ಇನ್ನೊಂದು ಸಲ ಹಾಕದ ಹಾಗೆ ಅವರ ಮನಸ್ಸನ್ನು ಪ್ರೇರೇಪಿಸು. ಹಿಂಗೆ ಎರಡು ಸಲ ಉಪ್ಪು ಬಿದ್ದ ಸಾರನ್ನ ಅವರ ಮಗ ಒಂದೂ ಮಾತಾಡದೆ ಉಣ್ತಾ ಇದ್ದಾರೆ. ಅವರಿಗೆ ಬಾಯಿ ಕೊಡು."

ಯಜಮಾನರ ಆಮೆನ್ ತಡವಾಗಿ, ಸಣ್ಣಗೆ ಬಂತು. ಅತ್ತೆ ಎದ್ದು ಚಾಪೆ ಸುತ್ತಿ ಗೋಡೆಗೆ ಒರಗಿಸಿದರು. "ಚೆನ್ನಾಗಿ ಮಾಡಿದ್ಯಮ್ಮ" ಎಂದರು. ಅವರ ಮಾತಿನ ಅರ್ಥ ಹುಡುಕುತ್ತ ನಾನು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಬೆಳಗ್ಗೆ ಪಾತ್ರೆಗಳ ಸದ್ದು ಕೇಳಲಿಲ್ಲ. ಎಚ್ಚರವಾಗಿಯೇ ಇದ್ದದ್ದರಿಂದ ಅದು ನನಗೆ ಖಚಿತವಾಗಿ ಗೊತ್ತು.

ಅಂದಿನಿಂದ ಒಂದು ದಿನ ಅವರು, ಒಂದು ದಿನ ನಾನು. ಯಾರೂ ಗೊತ್ತುಮಾಡದೆ ಕೆಲವು ನಿಯಮಗಳು ತಾವೇ ಹುಟ್ಟಿಕೊಂಡವು. ಒಬ್ಬರು ಪ್ರಾರ್ಥಿಸುವಾಗ ಇನ್ನೊಬ್ಬರು ಅಡ್ಡ ಬಾಯಿ ಹಾಕುವಂತಿಲ್ಲ. ಉತ್ತರ ಮರುದಿನವೇ. ಸುಳ್ಳು ಹೇಳುವಂತಿಲ್ಲ, ಕೇಳುತ್ತಿರುವವನು ಎಲ್ಲವನ್ನೂ ನೋಡಿದವನು. ದೂರಿನ ಮೊದಲು ಒಂದು ಸ್ತೋತ್ರ ಇರಲೇಬೇಕು. ಆದ್ದರಿಂದ ನಾವಿಬ್ಬರೂ ಹಗಲೆಲ್ಲ ಎದುರಿನವರಲ್ಲಿ ಏನಾದರೂ ಒಳ್ಳೆಯದು ಇದೆಯೇ ಎಂದು ಹುಡುಕುವ ಹಾಗಾಯಿತು. ಕೆಲವು ದಿನ ಕಷ್ಟವಾಗುತ್ತಿತ್ತು. ಒಂದು ಸಲ ನಾನು, "ಅತ್ತೆಯವರ ಹಲ್ಲುಗಳು ಇನ್ನೂ ಗಟ್ಟಿಯಾಗಿರುವುದಕ್ಕೆ ಸ್ತೋತ್ರ" ಎಂದು ಶುರುಮಾಡಬೇಕಾಯಿತು.

ನಾವಿದ್ದದ್ದು ವಠಾರದ ಮನೆ. ಪಕ್ಕದ ಮನೆಗೂ ನಮಗೂ ನಡುವಿನ ಗೋಡೆ ಹೆಂಚಿನವರೆಗೆ ಹೋಗದೆ ಮೂರಡಿ ಕೆಳಗೇ ನಿಂತಿತ್ತು. ಅಲ್ಲಿ ಒಬ್ಬ ಅಕ್ಕ ಇದ್ದರು. ಒಕ್ಕಲಿನ ಮನೆಯವರು, ಎರಡು ಹಸು ಸಾಕಿದ್ದರು, ಮನೆಮಾತು ತೆಲುಗು. ಒಂದು ಬೆಳಗ್ಗೆ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟು ನನ್ನ ಕಿವಿಯ ಹತ್ತಿರ ಬಂದರು.

"ನಿನ್ನ ನುವ್ವು ಚೆಪ್ಪಿಂದೇ ನ್ಯಾಯಂ ಅಮ್ಮಾ. ನಿನ್ನೆ ನೀನು ಹೇಳಿದ್ದೇ ಸರಿ. ಹಗ್ಗದ ಮೇಲಿನ ಬಟ್ಟೆ ನಿಮ್ಮತ್ತೇನೂ ಎತ್ತಬಹುದಿತ್ತು."

ಆಗ ತಿಳಿಯಿತು, ಅವರ ಮನೆಯವರು ನಮ್ಮ ಪ್ರಾರ್ಥನೆ ಮುಗಿಯುವವರೆಗೂ ಊಟಕ್ಕೆ ಕೂರುತ್ತಿರಲಿಲ್ಲವೆಂದು. ತಟ್ಟೆಗಳ ಸದ್ದಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲವಂತೆ. ನಾನು ನಾಚಿಕೆಯಿಂದ ಕುಗ್ಗಿ ಇದನ್ನು ಅತ್ತೆಗೆ ಹೇಳಿದೆ. ಅವರು, "ಕೇಳ್ಲಿ ಬಿಡಮ್ಮ, ದೇವರ ಮಾತು ತಾನೇ" ಎಂದು, ಆ ಸಂಜೆಯಿಂದ ದನಿಯನ್ನು ಸ್ವಲ್ಪ ಏರಿಸಿದರು.

ಕೆಲವು ದಿನಗಳ ಮೇಲೆ ಆ ಅಕ್ಕ ನಮ್ಮ ಬಾಗಿಲಿಗೇ ಬಂದರು. ಅವರ ಒಂದು ಹಸು ಕರುವನ್ನು ಹತ್ತಿರಕ್ಕೆ ಸೇರಿಸುತ್ತಿರಲಿಲ್ಲ, ಹಾಲೂ ಬಿಡುತ್ತಿರಲಿಲ್ಲ. ತಮ್ಮ ದೇವರಿಗೆ ಹರಕೆ ಹೊತ್ತಾಗಿದೆ, ನಿಮ್ಮ ದೇವರಿಗೂ ಒಂದು ಮಾತು ಹೇಳಿ ಎಂದರು. ಅತ್ತೆ ಗಂಭೀರವಾಗಿ ವಿಚಾರಿಸಿದರು.

"ಯಾವ ಹಸು?"

"ಕಂದು ಬಣ್ಣದ್ದು."

"ಈ ತಾಲ್ಲೂಕಲ್ಲಿ ಎಷ್ಟು ಕಂದು ಹಸು ಇಲ್ಲಮ್ಮ. ಗುರುತು ಹೇಳು."

"ಬಲಗಡೆ ಕೊಂಬು ಕೆಳಕ್ಕೆ ಬಾಗಿದೆ."

ಅಂದು ಸಂಜೆ ಬಲಗಡೆ ಕೊಂಬು ಕೆಳಕ್ಕೆ ಬಾಗಿದ ಕಂದು ಹಸು, ವಠಾರದ ಎರಡನೆಯ ಮನೆ ಎಂಬ ವಿಳಾಸದ ಸಮೇತ ಪ್ರಾರ್ಥನೆಯಲ್ಲಿ ಸೇರಿತು. ನಾಲ್ಕನೆಯ ದಿನ ಹಸು ಕರುವನ್ನು ನೆಕ್ಕಿತು. ಪಶು ಆಸ್ಪತ್ರೆಯವರೂ ಮೂರನೆಯ ದಿನ ಬಂದು ಸೂಜಿ ಹಾಕಿ ಹೋಗಿದ್ದರು. ಹರಕೆ, ಸೂಜಿ, ಪ್ರಾರ್ಥನೆ, ಇವುಗಳಲ್ಲಿ ಯಾವುದು ನಾಟಿತೆಂದು ಯಾರೂ ವಿಚಾರಿಸಲು ಹೋಗಲಿಲ್ಲ. ಗಿಣ್ಣು ಹಾಲಿನ ದಿನಗಳು ಮುಗಿದಿದ್ದುದರಿಂದ ಅಕ್ಕ ನಮಗೆ ಒಂದು ಚೊಂಬು ಮಜ್ಜಿಗೆ ಕೊಟ್ಟರು.

ತಿಂಗಳಿಗೊಂದು ಸಲ ಕೋಲಾರದಿಂದ ಬರುತ್ತಿದ್ದ ಅಯ್ಯನವರು ಒಂದು ಶನಿವಾರ ನಮ್ಮಲ್ಲಿ ಊಟಕ್ಕೆ ಉಳಿದರು. ಅಂದು ಅತ್ತೆಯ ಸರದಿ. ಅವರೆಕಾಳಿನ ಸಾರು ಆರಿ ಮೇಲೆ ಕೆನೆ ಕಟ್ಟುವವರೆಗೂ ಅವರು ಪ್ರಾರ್ಥಿಸಿದರು. ನನ್ನ ತಪ್ಪುಗಳು ಮೂರು, ಮಗನದು ಒಂದು, ಅಯ್ಯನವರ ಹೋದ ತಿಂಗಳ ಪ್ರಸಂಗದ ಉದ್ದ. ಅಯ್ಯನವರು ಆಮೆನ್ ಎಂದು, ಸಾರು ಆರಿದ್ದರೂ ಸಂತೋಷವಾಗಿ ಉಂಡರು. ಮರುದಿನ ಆರಾಧನೆಯಲ್ಲಿ ಎದ್ದು ನಿಂತು, ಈ ಊರಿನ ಒಂದು ಮನೆಯಲ್ಲಿ ಅತ್ತೆ ಸೊಸೆ ಮನಸ್ಸು ಬಿಚ್ಚಿ ಪ್ರಾರ್ಥಿಸುವುದನ್ನು ಕಂಡೆ, ಎಲ್ಲರೂ ಅವರಂತೆ ಮಾಡಬೇಕು ಎಂದರು. ನಮ್ಮ ಸಭೆಯಲ್ಲಿ ಇದ್ದದ್ದೇ ಹನ್ನೆರಡು ಮನೆ. ಯಾವ ಮನೆಯೆಂದು ಎಲ್ಲರಿಗೂ ತಿಳಿಯಿತು. ಮುಂದಿನ ವಾರ ಇನ್ನೂ ಎರಡು ಮನೆಗಳಲ್ಲಿ ಅದನ್ನು ಶುರುಮಾಡಿದರೆಂದೂ ಒಂದು ಮನೆಯ ಸೊಸೆ ಮಾಲೂರಿನ ತವರಿಗೆ ಹೋದವಳು ಇನ್ನೂ ಬಂದಿಲ್ಲವೆಂದೂ ಆಮೇಲೆ ಕೇಳಿದೆ.

ಹೀಗೆ ಒಂದೂವರೆ ವರ್ಷ ಕಳೆಯಿತು. ಆಗ ನನಗೆ ಒಂದು ಕಾಗದ ಬಂತು. ಮದುವೆಗೆ ಮೊದಲೇ ನಾನು ಮೇಷ್ಟ್ರ ಕೆಲಸದ ತರಬೇತಿ ಟಿ.ಸಿ.ಎಚ್. ಮುಗಿಸಿದ್ದೆ, ಅರ್ಜಿಯನ್ನೂ ಹಾಕಿ ಮರೆತಿದ್ದೆ. ರಾಯಲ್ಪಾಡಿನ ಕಡೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ನನ್ನನ್ನು ನೇಮಿಸಿದ್ದರು. ಹತ್ತು ದಿನದೊಳಗೆ ಹಾಜರಾಗಬೇಕು.

ಯಜಮಾನರು ಕಾಗದವನ್ನು ಎರಡು ಸಲ ಓದಿ ಅಮ್ಮನ ಕಡೆ ನೋಡಿದರು. ಅಂದು ಅತ್ತೆಯ ಸರದಿ. ಚಾಪೆ ಹಾಸಿದೆವು, ಮೊಣಕಾಲೂರಿದೆವು. ಅವರು ತಲೆ ಬಗ್ಗಿಸಿ ಕಣ್ಣು ಮುಚ್ಚಿದರು. ತುಟಿ ಅಲ್ಲಾಡುತ್ತಿತ್ತು. ದನಿ ಬರಲಿಲ್ಲ. ಲೋಕ, ದೇಶ, ಜಿಲ್ಲೆ ಯಾವುದೂ ಕೇಳಲಿಲ್ಲ. ಕಾಲು ಗಂಟೆಯ ಮೇಲೆ ಅವರೇ ಆಮೆನ್ ಎಂದು ಎದ್ದರು.

ಮರುದಿನ ನನ್ನ ಸರದಿ ಇತ್ತು. "ಇವತ್ತೂ ನಾನೇ ಮಾಡ್ತೀನಿ" ಎಂದು ಅವರೇ ಕೂತರು. ಮತ್ತೆ ತುಟಿ ಮಾತ್ರ. ಮೂರನೆಯ ದಿನವೂ ಅಷ್ಟೇ.

ಆ ಮೂರು ದಿನ ನಾನು ಪಟ್ಟ ಪಾಡು ಹಿಂದಿನ ಒಂದೂವರೆ ವರ್ಷದಲ್ಲಿ ಪಟ್ಟಿರಲಿಲ್ಲ. ಜೋರಾಗಿ ಹೇಳಿದರೆ ಏನು ಹೇಳಿದರೆಂದು ಗೊತ್ತಾಗುತ್ತದೆ, ಮರುದಿನ ಉತ್ತರ ಕೊಡಬಹುದು. ಇದಕ್ಕೆ ಏನೆಂದು ಉತ್ತರ ಕೊಡುವುದು? ಪಕ್ಕದ ಮನೆಯ ಅಕ್ಕ ಹಿತ್ತಿಲ ಬಾಗಿಲಲ್ಲಿ ಬಂದು, "ಏಮಾಯಿಂದಮ್ಮಾ, ನಿಮ್ಮತ್ತೆಗೆ ಹುಷಾರಿಲ್ವಾ?" ಎಂದು ವಿಚಾರಿಸಿ ಹೋದರು. ಯಜಮಾನರು ಸಾರಿಗೆ ಉಪ್ಪೇ ಇಲ್ಲದ್ದನ್ನು ಎರಡು ದಿನ ಗಮನಿಸಲಿಲ್ಲ. ಹಾಕುವುದನ್ನು ನಾನೂ ಮರೆತಿದ್ದೆ, ಅತ್ತೆಯೂ ಮರೆತಿದ್ದರು.

ನಾಲ್ಕನೆಯ ದಿನ ಬೆಳಗ್ಗೆ ಯಜಮಾನರು ಶಾಲೆಗೆ ಹೋದಮೇಲೆ ನಾನು ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ಅತ್ತೆ ಬಂದು ಎದುರಿಗೆ ಕೂತರು. ನನ್ನ ಮೊರದಿಂದಲೇ ಒಂದು ಹಿಡಿ ಕಾಯಿ ತೆಗೆದುಕೊಂಡು ಬಿಡಿಸತೊಡಗಿದರು.

"ನಾನು ಮೂರು ದಿನ ಏನು ಕೇಳ್ಕೊಂಡೆ ಗೊತ್ತೇನಮ್ಮ?"

"ಇಲ್ಲ ಅತ್ತೆ."

"ಈ ಆರ್ಡರ್ ರದ್ದಾಗ್ಲಿ ಅಂತ."

ನಾನು ಕೈಯಲ್ಲಿದ್ದ ಕಾಯಿಯನ್ನೇ ನೋಡುತ್ತಿದ್ದೆ.

"ಜೋರಾಗಿ ಕೇಳೋಕೆ ಬಾಯಿ ಬರ್ಲಿಲ್ಲ. ಜೋರಾಗಿ ಕೇಳೋಕೆ ಆಗ್ದೇ ಇರೋದನ್ನ ಮನಸ್ಸಲ್ಲಿ ಕೇಳಿದ್ರೆ ಮಾತ್ರ ಸರಿ ಆಗುತ್ತಾ? ನಿನ್ನೆ ಮೊಣಕಾಲ ಮೇಲೆ ಇದ್ದಾಗ ನನಗೇ ಅಸಹ್ಯ ಆಯ್ತು."

ಸ್ವಲ್ಪ ಹೊತ್ತು ಕಾಯಿ ಬಿಡಿಸಿದರು. ಆಮೇಲೆ ನನಗೆ ಅದುವರೆಗೂ ಗೊತ್ತಿಲ್ಲದ ಸಂಗತಿಯೊಂದನ್ನು ಹೇಳಿದರು. ಅವರ ಮದುವೆಯಾದ ವರ್ಷ ಕೋಲಾರದಲ್ಲಿ ನರ್ಸಿಂಗ್ ಕಲಿಯಲು ಅವರಿಗೆ ಕರೆ ಬಂದಿತ್ತು. ಊರಿಗೆ ಬರುತ್ತಿದ್ದ ಒಬ್ಬ ನರ್ಸಮ್ಮ ಅವರ ಕೈ ನೋಡಿ, ಈ ಹುಡುಗಿಯ ಕೈ ನಡುಗುವುದಿಲ್ಲ, ಕಳಿಸಿ ಎಂದಿದ್ದರಂತೆ. ಅವರ ಅತ್ತೆ ಒಪ್ಪಲಿಲ್ಲ. ಮನೆಯಲ್ಲಿ ಮುದ್ದೆ ತಿರುವುವವರು ಯಾರು ಎಂದರಂತೆ.

"ಆಮೇಲೆ ನಿಮ್ಮ ಮಾವ ಹೋದ್ರು. ಇಪ್ಪತ್ತು ವರ್ಷ ಅರವತ್ತು ಜನಕ್ಕೆ ಮುದ್ದೆ ತಿರುವಿದೆ. ದಿನಾ ಕೋಲು ಹಿಡ್ಕೊಂಡಾಗೆಲ್ಲ ಆ ಮುದುಕೀನ ಬೈಕೊಳ್ತಿದ್ದೆ. ನಿನ್ನೆ ನೋಡಿದ್ರೆ ನಾನೇ ಆ ಮುದುಕಿ ಆಗಿದ್ದೀನಿ ಕಣಮ್ಮ."

ಪ್ರಾರ್ಥನೆಯಲ್ಲಾದರೆ ನನಗೆ ಮಾತು ಸರಾಗವಾಗಿ ಬರುತ್ತಿತ್ತು. ಹೀಗೆ ಮುಖ ನೋಡಿಕೊಂಡು ಮಾತನಾಡಿ ಅಭ್ಯಾಸವಿರಲಿಲ್ಲ. ಕೊನೆಗೆ, "ಮುದ್ದೆ ಬೆಳಗ್ಗೇನೇ ತಿರುವಿಟ್ಟು ಹೋಗ್ತೀನಿ ಅತ್ತೆ" ಎಂದೆ.

"ಬೇಡ. ನಿನ್ನ ಮುದ್ದೆ ಆರಿದ ಮೇಲೆ ತಿನ್ನೋಕೆ ಆಗಲ್ಲ" ಎಂದರು. ನನ್ನ ಅಡುಗೆಯ ಬಗ್ಗೆ ಅವರು ನನಗೇ ಹೇಳಿದ ಮೊದಲ ಮಾತು ಅದು. ಅದನ್ನು ಕೇಳಿ ನನಗೆ ಯಾಕೋ ಅಳು ಬಂತು. ಅವರೆಕಾಯಿಯ ಸೊಗಡು ಕಣ್ಣಿಗೆ ಹೋಯಿತೆಂದೆ. ಸೊಗಡಿಗೆ ಕಣ್ಣೀರು ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಮೊರದಿಂದ ಇನ್ನೊಂದು ಹಿಡಿ ಕಾಯಿ ತೆಗೆದುಕೊಂಡರು.

ಕೆಲಸಕ್ಕೆ ಹಾಜರಾಗುವ ದಿನ ಅತ್ತೆಯೂ ನನ್ನ ಜೊತೆ ಬಸ್ ಹತ್ತಿದರು. ಬಗಲಲ್ಲಿ ನಮ್ಮ ಬೈಬಲ್ ಆದ ಸತ್ಯವೇದ, ಕೈಯಲ್ಲಿ ಊಟದ ಡಬ್ಬಿ. ಶಾಲೆಯೆಂದರೆ ಎರಡು ಕೊಠಡಿ, ಒಂದು ಹೊಂಗೆಮರ. ಮುಖ್ಯೋಪಾಧ್ಯಾಯರು ಹಣೆಗೆ ವಿಭೂತಿ ಹಚ್ಚಿದ ವಯಸ್ಸಾದ ಮೇಷ್ಟ್ರು. ಅತ್ತೆ ಅವರಿಗೆ ಕೈ ಮುಗಿದು, ಕೆಲಸ ಶುರುಮಾಡುವ ಮೊದಲು ಒಂದು ಪ್ರಾರ್ಥನೆ ಮಾಡಬಹುದೇ ಎಂದು ಕೇಳಿದರು.

"ಮಾಡಿಯಮ್ಮ, ಒಳ್ಳೇದು ತಾನೇ" ಎಂದರು ಮೇಷ್ಟ್ರು. ಎಷ್ಟು ಹೊತ್ತಾಗುತ್ತದೆಂದು ಪಾಪ ಅವರು ವಿಚಾರಿಸಲಿಲ್ಲ.

ಮಕ್ಕಳು ಸಾಲಾಗಿ ನಿಂತಿದ್ದವು. ಅತ್ತೆ ಕನ್ನಡದಲ್ಲಿ ಶುರುಮಾಡಿದರು. ಮಕ್ಕಳು ಪಿಳಿಪಿಳಿ ನೋಡುವುದನ್ನು ಕಂಡು ತೆಲುಗಿಗೆ ಹೊರಳಿದರು. ಆಗ ಎಲ್ಲ ಮಕ್ಕಳೂ ಕಿವಿ ನಿಮಿರಿಸಿದವು. ಅತ್ತೆ ಹೆಂಚು ಸರಿದ ಸೂರನ್ನು ಕಣ್ಣು ಮುಚ್ಚುವ ಮೊದಲೇ ನೋಡಿದ್ದರು. ಎಡಗಡೆಯಿಂದ ಮೂರನೆಯ ಸಾಲಿನಲ್ಲಿ ಎಂಟು ಹೆಂಚು ಇಲ್ಲ ಎಂದು ಸ್ಪಷ್ಟವಾಗಿ ತಿಳಿಸಿದರು. ಮೇಷ್ಟ್ರ ಕೆಮ್ಮಿಗಾಗಿ ಬೇಡಿದರು. ನನ್ನನ್ನು ಕುರಿತು ಒಂದೇ ಮಾತು ಹೇಳಿದರು, ತೆಲುಗಿನಲ್ಲಿ. ಈ ಹುಡುಗಿಯ ದನಿ ಚೆನ್ನಾಗಿದೆ, ಕೊನೆಯ ಸಾಲಿನವರೆಗೂ ಕೇಳಿಸುತ್ತದೆ, ಅದು ನನಗೆ ಗೊತ್ತು ಎಂದರು.

ಮುಗಿದಮೇಲೆ ಮೇಷ್ಟ್ರು ಕಣ್ಣು ತೆರೆದು, "ಹೆಂಚಿನ ಬಗ್ಗೆ ನಾನೂ ಅರ್ಜಿ ಹಾಕಿ ಎರಡು ವರ್ಷ ಆಯ್ತಮ್ಮ. ಇದೂ ಒಂದು ಇರ್ಲಿ" ಎಂದರು.

ಆ ಹೆಂಚುಗಳು ಮಳೆಗಾಲ ಮುಗಿದಮೇಲೆ ಬಂದವು. ಎಂಟಲ್ಲ, ಆರು.

ಎಂಬತ್ತರ ದಶಕದಲ್ಲಿ ಯಜಮಾನರಿಗೆ ಮಾಲೂರಿಗೆ ವರ್ಗವಾಯಿತು, ನಾನೂ ಓಡಾಡಿ ಅಲ್ಲಿಗೇ ವರ್ಗ ಮಾಡಿಸಿಕೊಂಡೆ. ಅತ್ತೆಗೆ ಕಣ್ಣಿಗೆ ಪೊರೆ ಬಂದು ಓದಲು ಆಗುತ್ತಿರಲಿಲ್ಲ. ಸಂಜೆ ನಾನು ಸತ್ಯವೇದ ಓದುತ್ತಿದ್ದೆ, ಅವರು ಗೋಡೆಗೆ ಒರಗಿ ಕೇಳುತ್ತಿದ್ದರು. ಒಂದು ದಿನ, ಯೇಸು ಅಕ್ಕತಂಗಿಯರಿಬ್ಬರ ಮನೆಗೆ ಹೋದ ಕಥೆ ಬಂತು. ತಂಗಿ ಪಾದದ ಬಳಿ ಕೂತು ಉಪದೇಶ ಕೇಳುತ್ತಾಳೆ, ಅಕ್ಕ ಒಬ್ಬಳೇ ಅಡುಗೆಯ ಗಡಿಬಿಡಿಯಲ್ಲಿ ಇರುತ್ತಾಳೆ. ಅಕ್ಕ ಬಂದು ದೂರುತ್ತಾಳೆ. ಯೇಸು ತಂಗಿಯದೇ ಸರಿ ಎನ್ನುತ್ತಾನೆ.

"ಸರಿ. ಆಮೇಲೆ?" ಎಂದರು ಅತ್ತೆ.

"ಅಷ್ಟೇ ಅತ್ತೆ. ಅಧ್ಯಾಯ ಮುಗೀತು."

"ಅಡುಗೆ?"

"ಅಂದ್ರೆ?"

"ಅವತ್ತು ಊಟಕ್ಕೆ ಅವರಿಗೆಲ್ಲ ಯಾರು ಬಡಿಸಿದ್ರು? ಅವಳೂ ಬಂದು ಕೂತ್ಬಿಟ್ಲಾ, ಇಲ್ಲ ಒಳಗೆ ಹೋದ್ಲಾ?"

ನಾನು ಮುಂದಿನ ಪುಟ ತಿರುವಿದೆ. ಹಿಂದಿನ ಪುಟವನ್ನೂ ನೋಡಿದೆ. ಅದರ ಬಗ್ಗೆ ಏನೂ ಇರಲಿಲ್ಲ.

"ಬರ್ದಿಲ್ಲ ಅತ್ತೆ."

"ಬರೆದೋರು ಗಂಡಸ್ರು" ಎಂದರು ಅತ್ತೆ. ಆಮೇಲೆ ಕಾಲು ನೀಡಿ, ಮುಂದೆ ಓದು ಎಂದರು.